ನಿಂತ ನೀರಿನ ಮೇಲೆ ಸಮರ ಹೂಡಿದ ಸರ್ ರೊನಾಲ್ಡ್ ರಾಸ್

ಉದ್ಯೋಗ ವ್ಯಾಪಾರಗಳ ನಿಮಿತ್ತ ಆಂಧ್ರದೇಶಕ್ಕೆ ಬಂದು ನೆಲೆಸಿರುವ ನಮ್ಮವರಿಗೆ ವಿಶಾಖಪಟ್ಟಣ, ವಿಜಯವಾಡಗಳೆರಡೂ ಚಿರಪರಿಚಿತ. ಒಂದು ಕಡಲ ತಡಿಯ ಊರು, ಮತ್ತೊಂದು ಕೃಷ್ಣೆಯ ಮಡಿಲಿನ ಊರು. ವಿಜಯವಾಡದ ನಡುವೆ ಏಲೂರು, ಬಂದರು, ರೈವ್ಸ್ ಎಂಬ ಮೂರು ಕಾಲುವೆಗಳು ಹರಿಯುತ್ತವೆ. ವಿಶಾಖಪಟ್ಟಣದ ಒಳಬಂದರನ್ನು ಸಮುದ್ರದ ಉಬ್ಬರದ ನೀರು ಬಂದು ನಿಲ್ಲುತ್ತಿದ್ದ ಜೌಗು ನೆಲವನ್ನು ಅಗೆದು ನಿರ್ಮಿಸಲಾಯಿತು. ಇಂತಹ ಊರುಗಳಲ್ಲಿ ಪುರಸಭೆಯ ಆಳು ಮನೆಯ ತಾರಸಿ ಹತ್ತಿ ನೀರಿನ ತೊಟ್ಟಿಯ ಮುಚ್ಚಳವನ್ನು ತೆಗೆದು ನೋಡಿದರೆ, ಹಿತ್ತಿಲಿನ ಒಡೆದ ಗಡಿಗೆಯನ್ನು ಬೋರಲು ಹಾಕಿದರೆ, ಗೃಹಿಣಿಯರಿಗೆ ಬೇಸರವಾಗುವುದು ಸಹಜ. ಆದರೆ ಈ ಕೆಲಸದ ಹಿಂದೆ ಒಬ್ಬ ಮನುಷ್ಯನ ಐವತ್ತು ವರ್ಷಗಳ ಹಟವಿದೆ. ಆ ಹಟವು ಮೊಳೆತದ್ದು ನಮ್ಮ ಬೆಂಗಳೂರಿನ ದಂಡಿನಲ್ಲಿ, ಒಂದು ನೀರಿನ ಪೀಪಾಯಿಯ ಬಳಿಯಲ್ಲಿ ಎಂಬ ಸಂಗತಿಯು ಕನ್ನಡಿಗರಲ್ಲಿಯೇ ಹಲವರಿಗೆ ತಿಳಿದಿರಲಾರದು.

ರೊನಾಲ್ಡ್ ರಾಸರು ಜನಿಸಿದ್ದು 1857ನೆಯ ಇಸವಿ ಮೇ 13ರಂದು, ಹಿಮಾಲಯದ ಅಲ್ಮೋರಾದಲ್ಲಿ. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರೇ ದಿನಗಳಾಗಿದ್ದವು. ತಂದೆಯು ಸೈನ್ಯದ ದೊಡ್ಡ ಅಧಿಕಾರಿ; ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಹೋದ ಬಾಲಕನಿಗೆ ಚಿತ್ರಕಲೆ, ಕವಿತೆ, ಸಂಗೀತಗಳ ಹುಚ್ಚು ಹಿಡಿಯಿತು. ವೈದ್ಯನಾಗಬೇಕೆಂಬುದು ತಂದೆಯ ಆಸೆಯೇ ಹೊರತು ಮಗನದಲ್ಲ. ಲಂಡನ್ನಿನ ಸೇಂಟ್ ಬಾರ್ತಲೋಮಿಯೋ ಆಸ್ಪತ್ರೆಯಲ್ಲಿ ಅರೆಮನಸ್ಸಿನಿಂದ ಓದಿ, ಕೆಲಕಾಲ ಹಡಗಿನ ವೈದ್ಯರಾಗಿದ್ದು, 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿ ಮದರಾಸಿಗೆ ಬಂದರು. ಆ ಕಾಲದ ಸೇನಾವೈದ್ಯರಿಗೆ ದಿನಕ್ಕೆ ಒಂದೆರಡು ಗಂಟೆಯ ಕೆಲಸ. ಉಳಿದ ಹೊತ್ತೆಲ್ಲ ಬೇಟೆ, ಆಟ, ವಿನೋದ. ರಾಸರು ಆ ಬಿಡುವಿನಲ್ಲಿ ಗಣಿತವನ್ನು ತಾವೇ ಕಲಿತರು, ಕವಿತೆ ಕಾದಂಬರಿಗಳನ್ನು ಬರೆದರು. ಗಣಿತವು ಮುಂದೆ ಉಪಯೋಗಕ್ಕೆ ಬಂದಿತು. ಕಾದಂಬರಿಗಳನ್ನು ಇಂದು ಯಾರೂ ಓದುವುದಿಲ್ಲ.

1883ರಲ್ಲಿ ಅವರನ್ನು ಬೆಂಗಳೂರಿನ ದಂಡಿನ ಹಂಗಾಮಿ ವೈದ್ಯಾಧಿಕಾರಿಯಾಗಿ ನೇಮಿಸಲಾಯಿತು. ಊರಿನ ಹವೆ ಅವರಿಗೆ ಹಿಡಿಸಿತು. ವಾಸಕ್ಕೆ ಸಿಕ್ಕಿದ ಬಂಗಲೆಯೂ ಒಳ್ಳೆಯದೇ. ತೊಂದರೆಯೊಂದೇ: ತಮ್ಮ ಕೋಣೆಯಲ್ಲಿದ್ದಷ್ಟು ಸೊಳ್ಳೆಗಳು ನೆರೆಯವರ ಮನೆಗಳಲ್ಲಿರಲಿಲ್ಲ. ಕಾರಣವನ್ನು ಹುಡುಕಿ ಹೊರಗೆ ಹೋಗಿ ನೋಡಲು, ಕಿಟಕಿಯ ಕೆಳಗೆ ಒಂದು ನೀರಿನ ಪೀಪಾಯಿ. ಅದರ ನೀರಿನಲ್ಲಿ ನೂರಾರು ಮರಿಹುಳುಗಳು ಕುಣಿಯುತ್ತಿದ್ದವು. ಪೀಪಾಯಿಯನ್ನು ಉರುಳಿಸಿ ನೀರು ಚೆಲ್ಲಿಸಿದ ಕೆಲವೇ ದಿನಗಳಲ್ಲಿ ಕೋಣೆಯ ಸೊಳ್ಳೆಗಳು ಬಹುಮಟ್ಟಿಗೆ ಮಾಯವಾದವು. ಇದನ್ನು ಕಂಡು ಉತ್ಸಾಹಗೊಂಡ ಇಪ್ಪತ್ತಾರರ ತರುಣನು ದಂಡಿನ ಮೇಲಧಿಕಾರಿಯ ಬಳಿ ಹೋಗಿ, ಅಧಿಕಾರಿಗಳ ಭೋಜನಶಾಲೆಯ ಸುತ್ತಲಿನ ತೊಟ್ಟಿ ಡಬ್ಬಿ ಹೂದಾನಿಗಳ ನೀರನ್ನೂ ಹೀಗೆಯೇ ಚೆಲ್ಲಿಸಿದರೆ ಎಲ್ಲರೂ ಸುಖವಾಗಿ ನಿದ್ರಿಸಬಹುದೆಂದು ಸೂಚಿಸಿದರು. ಆ ಅಧಿಕಾರಿಯು ಒಪ್ಪಲಿಲ್ಲ. ಸೃಷ್ಟಿಯ ಕ್ರಮವನ್ನು ಕೆಡಿಸಬಾರದು, ಸೊಳ್ಳೆಗಳು ಯಾವುದೋ ಉದ್ದೇಶಕ್ಕಾಗಿಯೇ ಹುಟ್ಟಿವೆ, ಅವುಗಳನ್ನು ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂಬುದು ಆತನ ನಿಲುವು.

ಸೊಳ್ಳೆಗೂ ಚಳಿಜ್ವರಕ್ಕೂ ಸಂಬಂಧವಿದೆಯೆಂದು ಆಗ ರಾಸರಿಗೂ ತಿಳಿದಿರಲಿಲ್ಲ. ಕಾಟ ತಪ್ಪಿದರೆ ಸಾಕೆಂಬುದಷ್ಟೇ ಅವರ ಬಯಕೆಯಾಗಿದ್ದಿತು. ಆದರೆ ನೀರು ಚೆಲ್ಲುವ ಕೆಲಸ ಎಷ್ಟು ಸುಲಭ, ಅಧಿಕಾರದಲ್ಲಿರುವವನನ್ನು ಒಪ್ಪಿಸುವುದು ಎಷ್ಟು ಕಷ್ಟ ಎಂಬ ಎರಡು ಸತ್ಯಗಳು ಅಂದೇ ಅವರ ಅನುಭವಕ್ಕೆ ಬಂದವು. ಮುಂದಿನ ಅರ್ಧ ಶತಮಾನದ ಕಥೆಯೆಲ್ಲ ಈ ಎರಡರ ಜಗ್ಗಾಟವೇ.

ಬರ್ಮಾ, ಅಂಡಮಾನ್‌ಗಳಲ್ಲಿ ಕಳೆದ ವರ್ಷಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಸಾರ್ವಜನಿಕ ಆರೋಗ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ರೋಗಾಣುಶಾಸ್ತ್ರವನ್ನೂ ಕಲಿತು, ವಿವಾಹವಾಗಿ ಹಿಂದಿರುಗಿದರು. ಆ ವೇಳೆಗೆ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾವೈದ್ಯ ಲಾವೆರಾನರು ಮಲೇರಿಯ ರೋಗಿಯ ರಕ್ತದಲ್ಲಿ ಒಂದು ಪರೋಪಜೀವಿಯನ್ನು ಕಂಡು (1880) ಹಲವು ವರ್ಷಗಳಾಗಿದ್ದವು. ಭಾರತದಲ್ಲಿ ಎಷ್ಟು ಹುಡುಕಿದರೂ ಅದು ರಾಸರ ಕಣ್ಣಿಗೆ ಬೀಳಲಿಲ್ಲವಾದ ಕಾರಣ ಲಾವೆರಾನರದು ಭ್ರಮೆಯೆಂದೇ ಅವರು ವಾದಿಸುತ್ತಿದ್ದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನರು ಸೂಕ್ಷ್ಮದರ್ಶಕದ ಕೆಳಗೆ ಆ ಜೀವಿಯನ್ನು ತೋರಿಸಿಕೊಟ್ಟ ಮೇಲೆಯೇ ಅವರ ಸಂಶಯ ಹರಿದದ್ದು. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಚೀನದಲ್ಲಿ ಕಂಡಿದ್ದ ಮ್ಯಾನ್ಸನರಿಗೆ, ಮಲೇರಿಯದ ಜೀವಿಯೂ ಸೊಳ್ಳೆಯನ್ನೇ ಆಶ್ರಯಿಸಿರಬಹುದೆಂಬ ಊಹೆಯಿದ್ದಿತು. ಸೊಳ್ಳೆಯು ನೀರಿನಲ್ಲಿ ಬಿದ್ದು ಸತ್ತು, ಆ ನೀರನ್ನು ಕುಡಿದವರಿಗೆ ಜ್ವರ ಬರುತ್ತದೆಂದು ಅವರು ಎಣಿಸಿದ್ದರು. ಊಹೆಯ ಅರ್ಧವು ನಿಜ, ಅರ್ಧವು ಸುಳ್ಳು.

1895ರ ಏಪ್ರಿಲಿನಲ್ಲಿ ಸಿಕಂದರಾಬಾದಿಗೆ ಬಂದಿಳಿದ ರಾಸರು ಹುಚ್ಚು ಹಿಡಿದವರಂತೆ ಕೆಲಸಕ್ಕೆ ತೊಡಗಿದರು. ಜ್ವರದ ರೋಗಿಗಳನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಸೊಳ್ಳೆಗಳಿಂದ ಕಚ್ಚಿಸುವುದು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆ ಕೊಡುವುದು. ಬಳಿಕ ಆ ಸೊಳ್ಳೆಯನ್ನು ಸೂಜಿಯಿಂದ ಬಿಡಿಸಿ ಗಂಟೆಗಟ್ಟಲೆ ನೋಡುವುದು. ಸತ್ತ ಸೊಳ್ಳೆಗಳಿದ್ದ ನೀರನ್ನು ಕೂಲಿ ಕೊಟ್ಟು ಮನುಷ್ಯರಿಗೆ ಕುಡಿಸಿ ನೋಡಿದ್ದೂ ಉಂಟು. ಇಂದಿನ ನ್ಯಾಯದಲ್ಲಿ ಅದು ಒಪ್ಪತಕ್ಕ ಮಾತಲ್ಲ. ಈ ನಡುವೆ, ಆ ವರ್ಷದ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ ಕಾಲರಾ ಹಬ್ಬಿತೆಂದು ಸರಕಾರವು ಅವರನ್ನು ಅಲ್ಲಿಗೆ ಅಟ್ಟಿತು. ಮಲೇರಿಯದ ಬೆನ್ನು ಹತ್ತಿದ್ದವರಿಗೆ ಇದು ದೊಡ್ಡ ವಿಘ್ನವಾಗಿ ತೋರಿತು.

ಆದರೆ ಆ ಬೆಂಗಳೂರಿನ ವಾಸವು ವ್ಯರ್ಥವಾಯಿತೆಂದು ಹೇಳಲಾಗದು. ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬರತೊಡಗಿದ್ದ ಕಾಲವದು. ಅಲ್ಲಿಯವರೆಗೆ ಜನರಿಗೆ ಕೆರೆ ಬಾವಿಗಳೇ ಗತಿಯಾಗಿದ್ದವು. ವಿಶೇಷ ನೈರ್ಮಲ್ಯಾಧಿಕಾರಿಯಾಗಿ ರಾಸರು ಬೀದಿಗಳನ್ನು ಸುತ್ತಬೇಕಾಯಿತು. ಚರಂಡಿ, ಬಾವಿ, ತಿಪ್ಪೆ, ಕಕ್ಕಸುಗಳ ಲೆಕ್ಕ ಹಿಡಿಯಬೇಕಾಯಿತು. ಪ್ರಯೋಗಶಾಲೆಯಲ್ಲಿ ಕಾಣದ ಒಂದು ವಿಷಯವನ್ನು ಈ ಕೆಲಸವು ಕಲಿಸುತ್ತದೆ: ರೋಗವನ್ನು ತಡೆಯುವವನು ವೈದ್ಯನಿಗಿಂತ ಹೆಚ್ಚಾಗಿ ಗುದ್ದಲಿ ಹಿಡಿದವನು, ಆ ಗುದ್ದಲಿಯವನಿಗೆ ತಿಂಗಳಿಗೆ ಸರಿಯಾಗಿ ಸಂಬಳ ಕೊಡುವವನು. ಆಫ್ರಿಕದಲ್ಲಿ ರಾಸರು ಮುಂದೆ ನಡೆಸಿದ ಕಾರ್ಯದ ಜಾಡು ಬೆಂಗಳೂರಿನ ಈ ದಿನಗಳಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

1897ರ ವಸಂತದಲ್ಲಿ ಉದಕಮಂಡಲಕ್ಕೆ ಹೋಗಿ, ಕೆಳಗಿನ ಸಿಗೂರು ಘಟ್ಟದಲ್ಲಿ ಮಲೇರಿಯವನ್ನು ಹುಡುಕುತ್ತ ತಾವೇ ಆ ಜ್ವರಕ್ಕೆ ತುತ್ತಾದರು. ಗುಣಹೊಂದಿ ಜೂನ್ ತಿಂಗಳಲ್ಲಿ ಸಿಕಂದರಾಬಾದಿಗೆ ಹಿಂದಿರುಗಿದ ಮೇಲೆ ಬಂದ ಬೇಸಗೆಯ ಕಷ್ಟವನ್ನು ಓದಿದರೆ ಇಂದಿಗೂ ಮರುಕವಾಗುತ್ತದೆ. ಪಂಕ ಬೀಸಿಸಿದರೆ ಬಿಡಿಸಿಟ್ಟ ಸೊಳ್ಳೆಯ ಅಂಗಗಳು ಹಾರಿಹೋಗುತ್ತಿದ್ದುದರಿಂದ ಬೆವರುತ್ತಲೇ ಕೂರಬೇಕು. ಹಣೆಯ ಬೆವರು ತೊಟ್ಟಿಕ್ಕಿ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಕಣ್ಣುಗಾಜು ಬಿರುಕು ಬಿಟ್ಟಿತು. ಎರಡು ವರ್ಷಗಳ ಕಾಲ ಅವರು ಕೊಯ್ದು ನೋಡಿದ್ದುದು ಮನೆಗಳಲ್ಲಿ ಸಾಮಾನ್ಯವಾಗಿ ಸಿಕ್ಕುವ ಬೂದು ಬಣ್ಣದ ಹಾಗೂ ಪಟ್ಟೆಯ ಸೊಳ್ಳೆಗಳನ್ನು. ಅವುಗಳಲ್ಲಿ ಮನುಷ್ಯನ ಮಲೇರಿಯ ಬೆಳೆಯುವುದೇ ಇಲ್ಲ. ಆಗಸ್ಟಿನ ನಡುವಿನಲ್ಲಿ, ರೆಕ್ಕೆಯ ಮೇಲೆ ಚುಕ್ಕೆಗಳುಳ್ಳ, ಬಾಲವನ್ನೆತ್ತಿ ಕೂರುವ ಬೇರೊಂದು ಜಾತಿಯ ಕೆಲವು ಸೊಳ್ಳೆಗಳು ಮರಿಹುಳುಗಳಿಂದ ಹೊರಬಂದವು. ಹುಸೇನ್ ಖಾನನೆಂಬ ರೋಗಿಯನ್ನು ಅವು ಕಚ್ಚಿದವು. ಆಗಸ್ಟ್ 20ರಂದು, ಉಳಿದಿದ್ದ ಕೊನೆಯ ಸೊಳ್ಳೆಗಳಲ್ಲೊಂದನ್ನು ಬಿಡಿಸಿ ನೋಡುತ್ತಿದ್ದಾಗ ಅದರ ಹೊಟ್ಟೆಯ ಗೋಡೆಯಲ್ಲಿ ದುಂಡಾದ ಕೆಲವು ಕೋಶಗಳು ಕಂಡವು. ಅವುಗಳೊಳಗೆ ಮಲೇರಿಯದ ಜೀವಿಯಲ್ಲಿರುವಂತಹ ಕಪ್ಪು ಕಣಗಳಿದ್ದವು. ಮರುದಿನ ಮತ್ತೊಂದು ಸೊಳ್ಳೆಯಲ್ಲಿ ಅದೇ ಕೋಶಗಳು ಇನ್ನಷ್ಟು ದೊಡ್ಡದಾಗಿ ಬೆಳೆದಿದ್ದವು. ಸೊಳ್ಳೆಯೊಳಗೆ ರೋಗದ ಜೀವಿಯು ಬೆಳೆಯುತ್ತದೆಂಬುದು ಸಿದ್ಧವಾಯಿತು. ಲೋಕವು ಆಗಸ್ಟ್ 20ನ್ನು ಸೊಳ್ಳೆಯ ದಿನವೆಂದು ಆಚರಿಸುವುದು ಇದರಿಂದಲೇ.

ಇಂತಹ ಸಮಯದಲ್ಲಿ ಸರಕಾರವು ಅವರನ್ನು ರಾಜಪುತಾನದ ಖೇರ್ವಾರಾ ಎಂಬ ಮೂಲೆಗೆ ವರ್ಗ ಮಾಡಿತು! ಮ್ಯಾನ್ಸನರು ಬಹಳ ಪ್ರಯತ್ನಪಟ್ಟ ಮೇಲೆ 1898ರ ಫೆಬ್ರವರಿಯಲ್ಲಿ ಕಲ್ಕತ್ತಕ್ಕೆ ಬರಲು ಅನುಮತಿ ದೊರೆಯಿತು. ಅಲ್ಲಿ ಪ್ಲೇಗಿನ ಚುಚ್ಚುಮದ್ದಿನ ಭಯದಿಂದ ಜನರು ಸೂಜಿ ಹಿಡಿದ ವೈದ್ಯನನ್ನು ಕಂಡರೆ ಓಡುತ್ತಿದ್ದರು; ರಕ್ತ ಕೊಡಲು ಯಾರೂ ಮುಂದೆ ಬರಲಿಲ್ಲ. ರಾಸರು ಹಕ್ಕಿಗಳ ಮಲೇರಿಯವನ್ನು ಹಿಡಿದರು. ಮಹಮದ್ ಬಕ್ಷ್ ಎಂಬ ಸಹಾಯಕನೊಡನೆ ಗುಬ್ಬಚ್ಚಿಗಳ ಮೇಲೆ ಪ್ರಯೋಗ ನಡೆಸಿ, ಜುಲೈ ತಿಂಗಳಲ್ಲಿ ರೋಗದ ಬೀಜವು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಸೇರಿ ಕಚ್ಚುವಾಗ ರಕ್ತಕ್ಕಿಳಿಯುವುದನ್ನು ತೋರಿಸಿಕೊಟ್ಟರು. ಮನುಷ್ಯನ ಮಲೇರಿಯದಲ್ಲಿಯೂ ಹೀಗೆಯೇ ಎಂಬುದನ್ನು ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಅವರ ಸಂಗಡಿಗರು ಸಾಧಿಸಿದರು. ಕೀರ್ತಿಯು ಯಾರದೆಂಬ ಜಗಳ ಅಲ್ಲಿಂದ ಮೊದಲಾಯಿತು; ರಾಸರು ಸಾಯುವವರೆಗೂ ಅದನ್ನು ಬಿಡಲಿಲ್ಲ.

1899ರಲ್ಲಿ ಸೇವೆಯನ್ನು ತೊರೆದು ಲಿವರ್‌ಪೂಲಿನ ಉಷ್ಣವಲಯದ ವೈದ್ಯ ಶಾಲೆಯಲ್ಲಿ ಉಪಾಧ್ಯಾಯರಾದರು. ಬೇರೆಯವರಾಗಿದ್ದರೆ ಅಲ್ಲಿಗೆ ತೃಪ್ತಿಪಡುತ್ತಿದ್ದರೇನೋ. ರಾಸರ ದೃಷ್ಟಿಯಲ್ಲಿ ಮಾತ್ರ ಶೋಧನೆಯು ಕೆಲಸದ ಪೀಠಿಕೆಯಷ್ಟೇ. ಅದೇ ಆಗಸ್ಟಿನಲ್ಲಿ, ಬಿಳಿಯರ ಗೋರಿಯೆಂದು ಹೆಸರಾಗಿದ್ದ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿಗೆ ಹಡಗು ಹತ್ತಿದರು. ರಾಜಧಾನಿ ಫ್ರೀಟೌನಿನಲ್ಲಿ ವರ್ಷಕ್ಕೆ ನೂರು ಅಂಗುಲಗಳನ್ನೂ ಮೀರಿ ಮಳೆ ಸುರಿಯುತ್ತದೆ. ಆ ಮಳೆಯಲ್ಲಿ ಅವರು ಮತ್ತು ಸಂಗಡಿಗರು ಊರಿನ ಬೀದಿಬೀದಿಗಳನ್ನು ಅಲೆದು, ಎಲ್ಲೆಲ್ಲಿ ನೀರು ನಿಂತಿದೆ, ಅದರಲ್ಲಿ ಯಾವ ಹುಳುವಿದೆ ಎಂದು ನಕ್ಷೆಯಲ್ಲಿ ಗುರುತಿಸಿದರು. ಅವರು ಕಂಡದ್ದು ಸ್ವಾರಸ್ಯವಾಗಿತ್ತು. ಮನೆಗಳ ಹಿಂದೆ ಬಿಸುಟ ತಗಡಿನ ಡಬ್ಬಿ, ಒಡೆದ ಬಾಟಲಿ, ಮಡಕೆಗಳಲ್ಲಿ ಸಾಮಾನ್ಯ ಸೊಳ್ಳೆಗಳು ಮಾತ್ರ. ಮಲೇರಿಯವನ್ನು ಹರಡುವ ಅನಾಫಿಲಿಸ್ ಸೊಳ್ಳೆಗಳು ಬೀದಿಯ ಬದಿಯ ಹೊಂಡಗಳಲ್ಲಿ, ಕೆಟ್ಟ ಚರಂಡಿಗಳಲ್ಲಿ, ಇಂತಿಷ್ಟೇ ಎಂದು ಎಣಿಸಬಹುದಾದ ಕಡೆಗಳಲ್ಲಿ ಹುಟ್ಟುತ್ತಿದ್ದವು. ಹೊಂಡಗಳನ್ನು ಎಣಿಸಬಹುದಾದರೆ ಅವುಗಳನ್ನು ಮುಚ್ಚಲೂಬಹುದು.

1901ರಲ್ಲಿ ಮತ್ತೆ ಫ್ರೀಟೌನಿಗೆ ಹೋದಾಗ ಸರಕಾರದ ಹಣ ಕೈಯಲ್ಲಿರಲಿಲ್ಲ. ಸ್ಕಾಟ್ಲೆಂಡಿನ ದಾರದ ಗಿರಣಿಯ ಧನಿಕರೊಬ್ಬರು ಕೊಟ್ಟ 2000 ಪೌಂಡುಗಳಿದ್ದವು. ಲೋಗನ್ ಟೇಲರ್ ಎಂಬ ವೈದ್ಯರ ಕೈಕೆಳಗೆ ಆಫ್ರಿಕದ ಕೂಲಿಯಾಳುಗಳ ಎರಡು ತಂಡಗಳು ಸಿದ್ಧವಾದವು. ಒಂದು ತಂಡಕ್ಕೆ ಮನೆಮನೆಗೆ ಹೋಗಿ ಡಬ್ಬಿ ಮಡಕೆಗಳನ್ನು ಗಾಡಿಯಲ್ಲಿ ತುಂಬಿ ಒಯ್ಯುವ ಕೆಲಸ. ಮತ್ತೊಂದಕ್ಕೆ ಹೊಂಡಗಳಿಗೆ ಮಣ್ಣು ಕಲ್ಲು ತುಂಬುವ, ಚರಂಡಿಯನ್ನು ಇಳಿಜಾರಾಗಿ ತೋಡುವ, ಮುಚ್ಚಲಾಗದ ಕಡೆ ಎಣ್ಣೆ ಸುರಿಯುವ ಕೆಲಸ. ಇವುಗಳಿಗೆ ಸೊಳ್ಳೆಯ ದಳಗಳೆಂದು ಹೆಸರಿಟ್ಟು, 1902ರಲ್ಲಿ ರಾಸರು ಅವುಗಳನ್ನು ಕಟ್ಟುವ ಬಗೆಯನ್ನು ವಿವರಿಸಿ ಒಂದು ಕೈಪಿಡಿಯನ್ನೂ ಬರೆದರು. ಮೇಲ್ವಿಚಾರಕನು ನಿಷ್ಠಾವಂತನಾಗಿರಬೇಕು, ಹಿಡಿದ ಕೆಲಸವನ್ನು ಒಂದು ವಾರವೂ ಬಿಡಬಾರದು ಎಂಬುದೇ ಅದರ ಸಾರ, ಮಹಾವಿದ್ಯೆಯೇನೂ ಅದರಲ್ಲಿಲ್ಲ. ಆಗ ಬೇರೆ ಕೆಲವು ವೈದ್ಯರು, ಆಫ್ರಿಕದ ಮಕ್ಕಳ ರಕ್ತದಲ್ಲಿಯೇ ರೋಗವಿರುವುದರಿಂದ ಬಿಳಿಯರು ದೂರ ಹೋಗಿ ಬೇರೆ ವಾಸಿಸುವುದೇ ಲೇಸೆಂದು ಸಲಹೆಯಿತ್ತರು. 1904ರಲ್ಲಿ ಫ್ರೀಟೌನಿನ ಗುಡ್ಡದ ಮೇಲೆ ಬಿಳಿಯರ ಬಡಾವಣೆಯೊಂದು ಎದ್ದಿತು. ಅಲ್ಲಿಗೆ ರೈಲೂ ಹೋಯಿತು. ಗುಡ್ಡದ ಮನೆಯು ಅದರಲ್ಲಿದ್ದವನನ್ನು ಮಾತ್ರ ಕಾಯುತ್ತದೆ. ಬೀದಿಯ ಹೊಂಡವನ್ನು ಮುಚ್ಚಿದರೆ ಆ ಬೀದಿಯ ಎಲ್ಲ ಮಕ್ಕಳೂ ಬದುಕುತ್ತಾರೆ. ಆದರೆ ದಾನದ ಹಣದಿಂದ ನಡೆಯುವ ಚರಂಡಿಯ ಕೆಲಸಕ್ಕೆ ಆಯುಸ್ಸು ಕಡಿಮೆ. ಹಣ ಕರಗಿದಂತೆ ಗುದ್ದಲಿಗಳೂ ನಿಂತವು. ಮರುವರ್ಷದ ಮಳೆಯೇನೂ ನಿಲ್ಲಲಿಲ್ಲ.

ಹಣವೂ ಅಧಿಕಾರವೂ ಒಂದೇ ಕೈಯಲ್ಲಿದ್ದ ಕಡೆ ಏನಾಗುತ್ತದೆಂಬುದಕ್ಕೆ ಈಜಿಪ್ಟಿನ ಇಸ್ಮಾಯಿಲಿಯಾ ಸಾಕ್ಷಿ. ಸೂಯೆಜ್ ಕಾಲುವೆಯ ಕಂಪೆನಿಯ ಆ ಪುಟ್ಟ ಊರಿಗೆ ನೈಲ್ ನದಿಯ ಸಿಹಿನೀರನ್ನು ತಂದ ಮೇಲೆ 1877ರಲ್ಲಿ ಮಲೇರಿಯ ಕಾಲಿಟ್ಟಿತು. ವರ್ಷಕ್ಕೆ ಸುಮಾರು 2000 ಮಂದಿ ಜ್ವರ ಹಿಡಿದು ನರಳುವಂತಾಯಿತು. 1902ರ ಸೆಪ್ಟೆಂಬರಿನಲ್ಲಿ ಕಂಪೆನಿಯು ರಾಸರನ್ನು ಕರೆಸಿ, ಅವರು ಹೇಳಿದಂತೆ ಜೌಗನ್ನು ಮುಚ್ಚಿಸಿ, ಕಾಲುವೆಗಳ ಅಂಚನ್ನು ತಿದ್ದಿಸಿ, ಮನೆಗಳ ಕೊಳೆಗುಂಡಿಗಳಿಗೆ ಎಣ್ಣೆ ಹಾಕಿಸಿತು. ಮರುವರ್ಷ ರೋಗಿಗಳು 214, 1904ರಲ್ಲಿ 90, 1905ರಲ್ಲಿ 37. ಇದೇ ವೇಳೆಗೆ, 1902ರ ಡಿಸೆಂಬರಿನಲ್ಲಿ, ನೊಬೆಲ್ ಪಾರಿತೋಷಕವೂ ಬಂದಿತು. ರಾಸರ ಬಾಳಿನ ಉಚ್ಛ್ರಾಯ ಕಾಲವೆಂದರೆ ಇದು.

ನೋವು ಬಂದದ್ದು ಹುಟ್ಟಿದ ದೇಶದಿಂದಲೇ. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ 1902ರಿಂದ ಕೆಲವು ವರ್ಷ ಸೊಳ್ಳೆ ನಿರ್ಮೂಲನದ ಪ್ರಯೋಗ ನಡೆಯಿತು. ಸೊಳ್ಳೆಗಳು ತಕ್ಕಷ್ಟು ಕಡಿಮೆಯಾಗಲಿಲ್ಲ, ಜ್ವರವೂ ಇಳಿಯಲಿಲ್ಲ. ಭಾರತದಂತಹ ವಿಶಾಲ ದೇಶದಲ್ಲಿ ಈ ಮಾರ್ಗವು ನಡೆಯದೆಂದು ಅಧಿಕಾರಿಗಳು ಕೈಚೆಲ್ಲಿ ಕ್ವಿನೈನ್ ಹಂಚುವುದೇ ಸುಲಭವೆಂದರು. ಅರೆಮನಸ್ಸಿನ ಕೆಲಸವನ್ನು ಮಾಡಿ ಸಿದ್ಧಾಂತವನ್ನು ದೂರುತ್ತಾರೆಂದು ರಾಸರು ಕೆರಳಿದರು. ನಿಷ್ಪಕ್ಷಪಾತವಾಗಿ ನೋಡಿದರೆ ಎರಡೂ ಕಡೆ ಸತ್ಯವಿದೆ. ಮಿಯಾನ್ ಮೀರಿನ ಸುತ್ತ ನೀರಾವರಿಯ ಕಾಲುವೆಗಳೂ ಗದ್ದೆಗಳೂ ಇದ್ದವು. ಊರೊಳಗಿನ ಹೊಂಡ ಮುಚ್ಚಿದ ಮಾತ್ರಕ್ಕೆ ಹೊಲದ ಸೊಳ್ಳೆ ಬರುವುದು ನಿಲ್ಲದು. ಪಟ್ಟಣಕ್ಕೆ ಹೊಂದುವ ಉಪಾಯವು ಹಳ್ಳಿಗೆ ಹಾಗೆಯೇ ಹೊಂದುವುದಿಲ್ಲವೆಂಬ ತೊಡಕನ್ನು ರಾಸರು ಮೊದಮೊದಲು ಲಘುವಾಗಿ ಎಣಿಸಿದರೆಂದೇ ಹೇಳಬೇಕು. 1907ರ ಕೊನೆಯಲ್ಲಿ ಮಾರಿಷಸ್ಸಿಗೆ ಹೋಗಿ, ಕಬ್ಬಿನ ತೋಟಗಳ ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡಿ, ಎಷ್ಟು ಮಂದಿಗೆ ಗುಲ್ಮ ಊದಿದೆಯೆಂಬುದರಿಂದ ಊರಿನ ರೋಗವನ್ನು ಅಳೆದ ಮೇಲೆ ಅವರ ವಿಚಾರವು ಮಾಗಿತು. ಹಿಂದೆ ಬಿಡುವಿನಲ್ಲಿ ಕಲಿತಿದ್ದ ಗಣಿತವು ಇಲ್ಲಿ ಕೈಹಿಡಿಯಿತು. ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಮನುಷ್ಯರ ಸಂಖ್ಯೆಗೆ ಹೋಲಿಸಿದಾಗ ಅವು ಒಂದು ಮಿತಿಗಿಂತ ಕೆಳಗಿಳಿದರೆ ರೋಗವು ತಾನಾಗಿಯೇ ಕ್ಷೀಣಿಸುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. 1910ರಲ್ಲಿ ಹೊರಬಂದ ಅವರ ದೊಡ್ಡ ಗ್ರಂಥವು ಮಲೇರಿಯ ನಿವಾರಣೆಯ ಬುನಾದಿಯಾಯಿತು.

ನಾವು ನೆಲೆಸಿರುವ ನಾಡಿನಲ್ಲಿ ಈ ವಿಚಾರವು ಹೇಗೆ ಬೇರೂರಿತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ವಿಶಾಖಪಟ್ಟಣದ ಬಂದರನ್ನು ಕಟ್ಟಿದ ಬಂಗಾಳ ನಾಗಪುರ ರೈಲ್ವೆಯು ಮಲೇರಿಯಕ್ಕೆಂದೇ ತಜ್ಞರೊಬ್ಬರನ್ನು ಇಟ್ಟುಕೊಂಡಿದ್ದಿತು. ಅವರ ಹೆಸರು ಸೀನಿಯರ್ ವೈಟ್. ಕೂಲಿಯಾಳು ಜ್ವರದಲ್ಲಿ ಮಲಗಿದರೆ ಹಳಿಯೂ ಹಾಕಲಾಗದು, ಹೂಳೂ ತೆಗೆಯಲಾಗದು ಎಂಬುದನ್ನು ರೈಲ್ವೆಯವರು ನಷ್ಟದ ಲೆಕ್ಕದಿಂದಲೇ ಕಲಿತರು. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ಆರಂಭವಾಗಿ, ಡಿ.ಡಿ.ಟಿ. ಸಿಂಪಡಿಸಿದ ಕಡೆಗಳಲ್ಲೆಲ್ಲ ಜ್ವರವು ಇಳಿಯಿತು. 1965ರ ಹೊತ್ತಿಗೆ ದೇಶದಲ್ಲಿ ರೋಗಿಗಳು ಲಕ್ಷದ ಆಸುಪಾಸಿಗೆ ಬಂದರು. ಗುದ್ದಲಿಯ ಕಾಲ ಮುಗಿಯಿತೆಂದು ಎಲ್ಲರೂ ನಂಬಿದರು. ಆದರೆ ಸೊಳ್ಳೆಯು ಔಷಧಕ್ಕೆ ಒಗ್ಗಿಕೊಂಡಿತು, ಸಿಂಪಡಣೆಯು ಸಡಿಲಾಯಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ ಮುಟ್ಟಿತು. ಪಟ್ಟಣಗಳ ಬಾವಿ, ತೊಟ್ಟಿ, ತಾರಸಿಯ ಟ್ಯಾಂಕುಗಳಲ್ಲಿ ಹುಟ್ಟುವ ಸೊಳ್ಳೆಗಾಗಿ 1971ರಲ್ಲಿ ನಗರ ಮಲೇರಿಯ ಯೋಜನೆಯನ್ನು ಪ್ರತ್ಯೇಕವಾಗಿ ತೆರೆಯಬೇಕಾಯಿತು. ನೀರನ್ನು ಮುಚ್ಚಿಡು, ಇಲ್ಲವೇ ವಾರಕ್ಕೊಮ್ಮೆ ಚೆಲ್ಲು, ಎರಡೂ ಆಗದಿದ್ದರೆ ಹುಳುವನ್ನು ಕೊಲ್ಲು ಎಂಬ ಅದರ ವಿಧಿಗಳು ಫ್ರೀಟೌನಿನವೇ. ವಿಶಾಖಪಟ್ಟಣದ ಪಶ್ಚಿಮಕ್ಕಿರುವ ಪಾಡೇರು, ಅರಕುಗಳ ಗುಡ್ಡಗಾಡು ಇಂದು ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿದೆ. ಅಲ್ಲಿ ಸೊಳ್ಳೆಯು ಡಬ್ಬಿಯಲ್ಲಿ ಹುಟ್ಟುವುದಿಲ್ಲ. ತಿಳಿಯಾಗಿ ಹರಿಯುವ ಝರಿಯ ಅಂಚಿನಲ್ಲಿ ಹುಟ್ಟುತ್ತದೆ. ಝರಿಯನ್ನು ಬೋರಲು ಹಾಕುವವರಾರು? ಆ ಹಳ್ಳಿಗಳಿಗೆ ಔಷಧದ ಸೊಳ್ಳೆಪರದೆಯೂ ಸಕಾಲದಲ್ಲಿ ರಕ್ತಪರೀಕ್ಷೆಯೂ ಬೇಕು.

ರಾಸರ ಸ್ವಭಾವವನ್ನು ಕುರಿತು ಒಂದು ಮಾತು. ಅವರೊಡನೆ ಬಾಳುವುದು ಸುಲಭವಾಗಿರಲಿಲ್ಲ. ಗ್ರಾಸ್ಸಿಯವರ ಮೇಲಿನ ಹಗೆಯು ಹೋಗಲಿ. ಕಣ್ಣು ತೆರೆಯಿಸಿದ ಗುರು ಮ್ಯಾನ್ಸನರ ಮೇಲೆಯೇ ಒಂದು ಪತ್ರದ ಮಾತಿಗಾಗಿ ವ್ಯಾಜ್ಯ ಹೂಡಲು ಹೊರಟರು. ತಮ್ಮ ಶ್ರಮಕ್ಕೆ ತಕ್ಕ ಹಣವನ್ನು ದೇಶವು ಕೊಡಲಿಲ್ಲವೆಂದು ಜೀವಮಾನವೆಲ್ಲ ಅರ್ಜಿ ಬರೆದರು. ಅರ್ಜಿಯಲ್ಲಿ ನ್ಯಾಯವಿರಲಿಲ್ಲವೆನ್ನಲಾಗದು, ಆದರೆ ಒಂದಾಣೆಗೆ ತೋಳು ಒಡ್ಡಿದ ಹುಸೇನ್ ಖಾನನಿಗೆ, ಹಗಲಿರುಳು ಗುಬ್ಬಚ್ಚಿಗಳನ್ನು ಕಾಯ್ದ ಮಹಮದ್ ಬಕ್ಷನಿಗೆ ಅರ್ಜಿ ಬರೆಯುವ ದಾರಿಯೂ ಇರಲಿಲ್ಲ.

1914ರ ಆಗಸ್ಟಿನಲ್ಲಿ ಹಿರಿಯ ಮಗನು ಫ್ರಾನ್ಸಿನ ರಣರಂಗದಲ್ಲಿ ಮಡಿದನು. 1923ರಲ್ಲಿ ಆತ್ಮಕಥೆ ಹೊರಬಂದಿತು. ಬೆಂಗಳೂರಿನ ಪೀಪಾಯಿಯ ಕಥೆಯು ನಮಗೆ ದೊರೆತದ್ದು ಅದರಿಂದಲೇ. 1926ರಲ್ಲಿ ಲಂಡನ್ನಿನ ಪುಟ್ನಿಯಲ್ಲಿ ಅವರ ಹೆಸರಿನ ಸಂಸ್ಥೆಯೂ ಆಸ್ಪತ್ರೆಯೂ ತೆರೆದವು. ಮರುವರ್ಷ ಎಪ್ಪತ್ತರ ಹೊಸ್ತಿಲಲ್ಲಿ ಕಲ್ಕತ್ತಕ್ಕೆ ಬಂದು ತಮ್ಮ ನೆನಪಿಗೆ ನಿಲ್ಲಿಸಿದ ದ್ವಾರವನ್ನು ನೋಡಿ ಹೋದರು. 1928ರಲ್ಲಿ ಹಣದ ಅಡಚಣೆಯಿಂದ ತಮ್ಮ ಕಾಗದಪತ್ರಗಳನ್ನು ಮಾರಾಟಕ್ಕಿಟ್ಟಾಗ ಶ್ರೀಮಂತ ಮಹಿಳೆಯೊಬ್ಬರು 2000 ಪೌಂಡು ಕೊಟ್ಟು ಕೊಂಡರು. ಫ್ರೀಟೌನಿನ ಹೊಂಡಗಳನ್ನು ಮುಚ್ಚಲು ದೊರೆತಿದ್ದ ದಾನವೂ ಅಷ್ಟೇ ಆಗಿದ್ದಿತು. ಪತ್ನಿಯು 1931ರಲ್ಲಿ ತೀರಿಕೊಂಡರು. ಪಾರ್ಶ್ವವಾಯುವಿನಿಂದ ಗಾಲಿಕುರ್ಚಿ ಹಿಡಿದಿದ್ದ ರಾಸರು 1932ರ ಸೆಪ್ಟೆಂಬರ್ 16ರಂದು ತಮ್ಮ ಹೆಸರಿನ ಆ ಸಂಸ್ಥೆಯಲ್ಲಿಯೇ ಕಣ್ಣು ಮುಚ್ಚಿದರು. ವಿಶಾಖಪಟ್ಟಣದ ಬಂದರಿಗೆ ಮೊದಲ ಹಡಗು ಬಂದದ್ದು ಮರುವರ್ಷದ ಅಕ್ಟೋಬರಿನಲ್ಲಿ.